ಏಳನೇ ಸಂಚಿಕೆಯ ಬೆಲೆ

ಮದುವೆಯಾಗಿ ಇಪ್ಪತ್ತೆಂಟು ವರ್ಷವಾಯಿತು. ನನ್ನ ಗಂಡ ಈವರೆಗೆ ನನಗೆ ಯಾವುದನ್ನೂ ಬೇಡ ಎಂದವರಲ್ಲ. ಎರಡೇ ಪ್ರಶ್ನೆ ಕೇಳುತ್ತಾರೆ. "ಎಷ್ಟು?" ಆಮೇಲೆ "ಎಂತಕ್ಕೆ?" ಉತ್ತರ ಸಿಕ್ಕಿದ ಕೂಡಲೇ ಪರ್ಸ್ ತೆಗೆಯುತ್ತಾರೆ. ಅವರು ಗಲ್ಫಿನಲ್ಲಿದ್ದಾಗ ಈ ಪ್ರಶ್ನೆಗಳು ಫೋನಿನಲ್ಲಿ ಬರುತ್ತಿದ್ದವು. ಕೆಲಸ ಬಿಟ್ಟು ಊರಿಗೆ ಬಂದ ಮೇಲೆ ಹಾಲ್‌ನ ಸೋಫಾದಿಂದ ಬರುತ್ತವೆ. ಸೀರೆಗೆ ಫಾಲ್ಸ್ ಹಚ್ಚಿಸುವುದಕ್ಕೂ ಬರುತ್ತವೆ, ಹಲ್ಲಿನ ಡಾಕ್ಟರಿಗೂ ಬರುತ್ತವೆ. ಹೊರಗಿನವರಿಗೆ ಇದರಲ್ಲಿ ದೂರುವಂಥದ್ದು ಏನೂ ಕಾಣಲಿಕ್ಕಿಲ್ಲ. ಬಹಳ ಕಾಲ ನನಗೂ ಕಂಡಿರಲಿಲ್ಲ.

ಕಳೆದ ವರ್ಷ ನನ್ನ ಕಾನ್ವೆಂಟಿನ ಗೆಳತಿಯರು ನನ್ನನ್ನೂ ಸೇರಿಸಿ ಒಂಬತ್ತು ಮಂದಿ ನಾಲ್ಕು ದಿನ ಪಾಂಡಿಚೇರಿಗೆ ಹೋಗುವುದೆಂದು ತೀರ್ಮಾನಿಸಿದರು. ತಲೆಗೆ ಹದಿನಾರು ಸಾವಿರ. ಕೇಳಿದರೆ ಗಂಡ ಕೊಡುತ್ತಿದ್ದರು, ಅದರಲ್ಲಿ ಸಂಶಯವಿಲ್ಲ. ಆದರೆ ನನಗೊಂದು ಹಟ ಹುಟ್ಟಿತು. ಈ ಒಂದು ಸಲ ಆ ಎರಡು ಪ್ರಶ್ನೆಗಳು ಬರಬಾರದು. ಟಿಕೆಟ್ ಆದ ಮೇಲೆ, ಪಾತ್ರೆ ಒರೆಸುತ್ತಾ, "ಗುರುವಾರ ನಾನು ಪಾಂಡಿಚೇರಿಗೆ ಹೋಗುತ್ತೇನೆ" ಎಂದು ಹೇಳಬೇಕು. ಕೇಳುವುದಲ್ಲ, ಹೇಳುವುದು. ಆ ವಾಕ್ಯವನ್ನು ಅಡುಗೆಮನೆಯಲ್ಲಿ ಎಷ್ಟೋ ಸಲ ಬಾಯಿಪಾಠ ಮಾಡಿದ್ದೆ.

ಮನೆಯಲ್ಲಿ ನನ್ನದು ಎಂದು ಏನುಂಟು ಎಂದು ಹುಡುಕಿದೆ. ಚಿನ್ನ ಲಾಕರಿನಲ್ಲಿ, ಲಾಕರು ಇಬ್ಬರ ಹೆಸರಿನಲ್ಲಿ. ನನ್ನೊಬ್ಬಳದ್ದೇ ಆಗಿದ್ದದ್ದು ಮಂಚದ ಕೆಳಗಿನ ತಗಡಿನ ಟ್ರಂಕು. ಮದುವೆಯಾಗಿ ಬರುವಾಗ ತಂದದ್ದು. ಅದರ ತುಂಬ ಕಾಮಿಕ್ಸ್.

ನನ್ನ ಅಪ್ಪ ಮಂಗಳೂರು ಬಂದರಿನ ಒಂದು ಸಗಟು ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಪಕ್ಕದ ಗೋದಾಮು ಹಳೆ ಪೇಪರಿನದ್ದು. ಅದರ ಯಜಮಾನರು ಒಬ್ಬ ಬ್ಯಾರಿ ಸಾಹುಕಾರರು. ರದ್ದಿಯ ಮೂಟೆ ಬಿಚ್ಚುವಾಗ ಕಾಮಿಕ್ಸ್ ಕಂಡರೆ ತೆಗೆದಿಟ್ಟು, ಮೂಲೆಯಲ್ಲಿ ನೀಲಿ ಪೆನ್ಸಿಲಿನಿಂದ ಒಂದು ಸಣ್ಣ ಗೀಟು ಹಾಕುತ್ತಿದ್ದರು. 'ಇದು ಗುಮಾಸ್ತರ ಮಗಳಿಗೆ' ಎಂದು ಅದರ ಅರ್ಥ. ಶನಿವಾರ ಸಂಜೆ ಅಪ್ಪ ಹೋದರೆ ಅವನ್ನು ತಕ್ಕಡಿಗೆ ಹಾಕಿ ರದ್ದಿಯ ದರಕ್ಕೇ ಕೊಡುತ್ತಿದ್ದರು. "ಬೆಲೆ ನಾನು ಹೇಳುವುದಲ್ಲ, ಇದು ಹೇಳುವುದು" ಎಂದು ತಕ್ಕಡಿಯನ್ನು ತೋರಿಸುತ್ತಿದ್ದರಂತೆ. ನನ್ನ ಬಾಲ್ಯದಲ್ಲಿ ಚೌಕಾಸಿ ಇಲ್ಲದ ವ್ಯಾಪಾರ ಅದೊಂದೇ.

ಆ ಟ್ರಂಕಿನಲ್ಲಿ ಹನ್ನೆರಡು ಸಂಚಿಕೆಗಳ ಒಂದು ಹಡಗಿನ ಕಥೆ ಇತ್ತು. ಅಪ್ಪ ಎರಡು ವರ್ಷ ಕಾದು ಒಂದೊಂದಾಗಿ ಕೂಡಿಸಿದ್ದು. ಅದರ ಏಳನೆಯದನ್ನು ನಾನು ಹೊಲಿಗೆಯ ಪೀರಿಯಡಿನಲ್ಲಿ ಮಡಿಲಲ್ಲಿಟ್ಟು ಓದುವಾಗ ಸಿಸ್ಟರ್ ಹಿಡಿದರು. ಮುಖಪುಟದ ಮೇಲೆ, ಹಡಗಿನ ಹಾಯಿಯ ಮೇಲೆಯೇ, ಕೆಂಪು ಶಾಯಿಯಲ್ಲಿ 'ಹೊಲಿಗೆ ತರಗತಿಯಲ್ಲಿ ಸಿಕ್ಕಿದ್ದು' ಎಂದು ಬರೆದು ಸಹಿ ಹಾಕಿ, ಅಪ್ಪನನ್ನು ಕರೆಸಿದರು. ಅಪ್ಪ ತಲೆ ತಗ್ಗಿಸಿ "ಹೌದು ಸಿಸ್ಟರ್" ಎಂದರು. ಬಸ್ಸಿನಲ್ಲಿ ಪುಸ್ತಕವನ್ನು ನನ್ನ ಕೈಗೇ ವಾಪಸು ಕೊಟ್ಟರು. ಮರುವಾರ ಎಂಟನೇ ಸಂಚಿಕೆ ತಂದುಕೊಟ್ಟರು.

ಹಳೆ ಕಾಮಿಕ್ಸ್ ಕೊಳ್ಳುವ, ಮಾರುವ ಗುಂಪೊಂದು ವಾಟ್ಸಾಪಿನಲ್ಲಿ ಉಂಟೆಂದು ಗೆಳತಿಯೊಬ್ಬಳು ಸೇರಿಸಿದಳು. ಮೂರು ತಿಂಗಳು ನಾನು ಒಂದಕ್ಷರ ಬರೆಯದೆ ಓದಿದೆ. ಅಲ್ಲಿಯ ಶಿಸ್ತು ನಮ್ಮ ಕಾನ್ವೆಂಟಿಗಿಂತ ಕಡಿಮೆಯದಲ್ಲ. ಫೋಟೋದ ಜೊತೆ ಬೆಲೆ ಹಾಕಲೇಬೇಕು. 'ಎಷ್ಟಾದರೂ ಕೊಡಿ' ಎಂದು ಬರೆಯಬಾರದು. ಯಾರು ಮೊದಲು 'ಬುಕ್' ಎನ್ನುತ್ತಾರೋ ವಸ್ತು ಅವರದ್ದು. ಬೆಲೆ ಇಳಿಸಲು ಕೇಳುವುದಿದ್ದರೆ ಗುಂಪಿನ ಹೊರಗೆ, ಅದೂ ಒಂದೇ ಸಲ. ಒಪ್ಪಿದ ಮೇಲೆ ಮಾತು ಬದಲಿಸುವ ಹಾಗಿಲ್ಲ, ಮನೆ ಬಾಗಿಲಿಗೆ ಬಂದು ಚೌಕಾಸಿ ಮಾಡುವ ಹಾಗಿಲ್ಲ. ನೀವು ಎಷ್ಟಕ್ಕೆ ಕೊಂಡದ್ದು ಎಂದು ಯಾರನ್ನೂ ಕೇಳಬಾರದು. ಇನ್ನೊಬ್ಬರ ಮಾರಾಟದ ಕೆಳಗೆ 'ಬುಕ್' ಬಿಟ್ಟು ಬೇರೇನೂ, ಬೆಲೆ ಜಾಸ್ತಿಯಾಯಿತೆಂದು ಕೂಡ, ಬರೆಯಬಾರದು. ನನಗೆ ಇದು ಬಹಳ ಹಿಡಿಸಿತು. ಮಾರ್ಕೆಟಿನಲ್ಲಿ ಸ್ವರ ಎತ್ತಿದ ಹುಡುಗಿ ನಮ್ಮ ಶಾಲೆಯವಳಲ್ಲ ಎಂದು ಸಿಸ್ಟರ್ ಹೇಳುತ್ತಿದ್ದರು. ಇಲ್ಲಿ ಸ್ವರ ಎತ್ತುವ ಅಗತ್ಯವೇ ಇರಲಿಲ್ಲ.

ಯಾವುದು ಎಷ್ಟಕ್ಕೆ ಹೋಯಿತೆಂದು ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ ಗುರುತು ಹಾಕಿಕೊಂಡೆ. ಬೆನ್ನು ಹರಿದಿದ್ದರೆ ಎಷ್ಟು ಕಡಿಮೆ, ಪಿನ್ನು ತುಕ್ಕು ಹಿಡಿದಿದ್ದರೆ ಎಷ್ಟು, ಮುಖಪುಟದಲ್ಲಿ ಯಾರದಾದರೂ ಹೆಸರು ಇದ್ದರೆ ಎಷ್ಟು ಎಂದೆಲ್ಲ ಕಲಿತೆ. ಬೆಲೆ ಹೇಳುವ ಬಾಯಿ ಮಾತ್ರ ಇನ್ನೂ ಬಂದಿರಲಿಲ್ಲ. ಅದನ್ನು ನಮ್ಮ ಫ್ಲ್ಯಾಟಿನ ಕೆಳಗೆ ಬುಟ್ಟಿ ಇಳಿಸುವ ಮೀನಿನಾಕೆಯನ್ನು ನೋಡಿ ಕಲಿತೆ. ಒಂದು ದಿನ ಕೇಳಿಯೇಬಿಟ್ಟೆ, "ನಿಮಗೆ ಬೆಲೆ ಹೇಳುವಾಗ ನಾಚಿಕೆ ಆಗುವುದಿಲ್ಲವಾ?"

ಆಕೆ ನಕ್ಕುಬಿಟ್ಟಳು. "ನಾಚಿಕೆ ಎಂತಕ್ಕೆ ಅಕ್ಕಾ? ಕದ್ದು ತಂದದ್ದಾ? ಬೆಲೆ ಹೇಳಿ ಬಾಯಿ ಮುಚ್ಚಿಕೊಳ್ಳಬೇಕು. ನೀವು ದೊಡ್ಡ ಮನೆಯವರು, ಬೆಲೆ ಹೇಳಿದ ಮೇಲೂ ಮಾತಾಡ್ತೀರಿ. ಅಲ್ಲಿ ಹೋಗುವುದು ದುಡ್ಡು."

ಅದನ್ನು ನಾನು ಮರೆಯಬಾರದಿತ್ತು.

ನಲವತ್ತಮೂರು ಪುಸ್ತಕಗಳ ಫೋಟೋ ಹಾಕಿ, ಒಟ್ಟಿಗೆ ಇಪ್ಪತ್ತೆರಡು ಸಾವಿರ ಎಂದು ಬರೆದೆ. ಹಡಗಿನ ಕಥೆಯ ಹನ್ನೊಂದು ಸಂಚಿಕೆ ಅದರಲ್ಲಿದ್ದವು. ಏಳನೆಯದನ್ನು ಹಾಕಲಿಲ್ಲ. ಶಾಯಿ ಬಿದ್ದದ್ದನ್ನು ಮಾರುವುದು ಸಭ್ಯತೆಯಲ್ಲ ಅನಿಸಿತು. ಅದರ ಮೇಲೆ ನನ್ನ ತಪ್ಪು ಬರೆದಿತ್ತಲ್ಲ. 'ಏಳನೆಯದು ಮಾರಾಟಕ್ಕಿಲ್ಲ' ಎಂದು ಕೆಳಗೆ ಸ್ಪಷ್ಟವಾಗಿ ಸೇರಿಸಿದೆ.

ಹತ್ತು ನಿಮಿಷದಲ್ಲಿ 'ಬುಕ್' ಬಂತು. ಆಮೇಲೆ ನನಗೊಬ್ಬಳಿಗೇ ಬೇರೆ ಸಂದೇಶ: 'ನಮಸ್ತೆ ಮೇಡಂ. ಪಂಪ್‌ವೆಲ್‌ನಲ್ಲಿ ನನ್ನದು ಪ್ಲೈವುಡ್ ಅಂಗಡಿ. ಏಳನೆಯದು ಇಲ್ಲದೆ ಸೆಟ್ ಪೂರ್ತಿ ಆಗುವುದಿಲ್ಲ. ಹದಿನೆಂಟಕ್ಕೆ ಆಗಬಹುದಾ?' ನಾನು ಮೀನಿನಾಕೆಯನ್ನು ನೆನೆದು ಅರ್ಧ ಗಂಟೆ ಉತ್ತರಿಸಲಿಲ್ಲ. ಬಳಿಕ 'ಹದಿನೆಂಟು. ಇದಕ್ಕಿಂತ ಕೆಳಗೆ ಇಲ್ಲ' ಎಂದು ಬರೆದೆ. 'ಡನ್ ಮೇಡಂ' ಎಂದು ಬಂತು. ಬದನೆಕಾಯಿ ಹೆಚ್ಚುತ್ತಿದ್ದ ಚೂರಿ ಕೆಳಗಿಟ್ಟು ಆ ಉತ್ತರವನ್ನು ಮತ್ತೊಮ್ಮೆ ಓದಿದೆ. ಮಾತಿನಿಂದ ನಾನು ದುಡ್ಡು ಸಂಪಾದಿಸಿದ್ದು ಅದೇ ಮೊದಲು. ಗೆಳತಿಯರ ಗುಂಪಿಗೆ ಹೋಗಿ 'ನನ್ನದೂ ಟಿಕೆಟ್ ಮಾಡಿ' ಎಂದು ಬರೆದೆ.

ಅವನಿಗೆ ಬುಧವಾರ ಹನ್ನೊಂದು ಗಂಟೆಗೆ ಬರಲು ಹೇಳಿದ್ದೆ. ಆ ಹೊತ್ತಿಗೆ ಗಂಡ ಕದ್ರಿ ಪಾರ್ಕಿನ ಬಳಿ ಗೆಳೆಯರೊಡನೆ ಕೂತಿರುತ್ತಾರೆ, ಹನ್ನೆರಡಕ್ಕೆ ಮೊದಲು ಬರುವವರಲ್ಲ. ಬಂದವನಿಗೆ ಮೂವತ್ತೈದು ವರ್ಷ ಇರಬಹುದು. ಚಪ್ಪಲಿಯನ್ನು ಜೋಡಿಸಿ ಗೋಡೆಗೆ ತಾಗಿಸಿಟ್ಟ. ಬಲಗೈಯ ಹೆಬ್ಬೆರಳ ಉಗುರಿನಲ್ಲಿ ಅಂಟಿನ ಕಲೆ ಇತ್ತು. ಪುಸ್ತಕ ಮುಟ್ಟುವ ಮೊದಲು ಅವನೇ "ಅಕ್ಕ, ಕೈ ತೊಳೆಯಲಿಕ್ಕೆ ಎಲ್ಲಿ?" ಎಂದು ಕೇಳಿದ. ನನಗೆ ಅವನ ಮೇಲೆ ಗೌರವ ಬಂತು. ಮೇಡಂ ಹೋಗಿ ಅಕ್ಕ ಆದದ್ದೂ ಸಹಜವಾಗಿಯೇ ಕಂಡಿತು.

ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದ. ನೀಲಿ ಗೀಟಿನ ಬಗ್ಗೆ ಕೇಳಿದ, ಏಳನೆಯದು ಯಾಕೆ ಇಲ್ಲ ಎಂದು ಕೇಳಿದ; ಗೀಟಿನ ಕಥೆಯನ್ನೂ ಶಾಯಿಯ ಕಥೆಯನ್ನೂ ಹೇಳಿದೆ. "ಚಂದ ಇಟ್ಟುಕೊಂಡಿದ್ದೀರಿ" ಎಂದ. ಒಂದು ರೂಪಾಯಿ ಕಡಿಮೆ ಮಾಡಿ ಎನ್ನಲಿಲ್ಲ. ಫೋನ್ ತೆಗೆದು, "ನಿಮ್ಮ ನಂಬರ್ ಹೇಳಿ ಅಕ್ಕ, ಹಾಕ್ತೇನೆ" ಎಂದ.

ಆಗ ನಾನು ಹೇಳಬೇಕಾಗಿದ್ದದ್ದು ಹತ್ತು ಅಂಕೆ. ನಾನು ಹೇಳಿದ್ದು, "ಮೊದಲು ಶರಬತ್ತು ಕುಡಿಯಿರಿ. ಬಿಸಿಲಿಗೆ ಬಂದಿದ್ದೀರಿ."

ಮನೆಗೆ ಬಂದವರಿಗೆ ಏನೂ ಕೊಡದೆ ದುಡ್ಡು ತೆಗೆದುಕೊಳ್ಳುವುದು ಹೇಗೆ? ಪುನರ್ಪುಳಿ ಶರಬತ್ತಿನ ಲೋಟ ಅವನ ಮುಂದಿಟ್ಟು, ಎದುರು ಸುಮ್ಮನೆ ಕೂರಲಾಗದೆ, ನಮ್ಮಲ್ಲಿ ಎಲ್ಲರೂ ಎಲ್ಲರನ್ನೂ ಕೇಳುವ ಹಾಗೆ ತುಳುವಿನಲ್ಲಿ ಕೇಳಿಬಿಟ್ಟೆ, "ಇಲ್ಲ್ ಓಲು?" ಮನೆ ಎಲ್ಲಿ ಎಂದು.

"ಇರುವುದು ಇಲ್ಲೇ ಪಂಪ್‌ವೆಲ್ ಹತ್ತಿರ. ಅಮ್ಮನ ಮನೆ ಮೂಲ್ಕಿ ಕಡೆ."

"ಮೂಲ್ಕಿಯಲ್ಲಿ ಎಲ್ಲಿ?"

ಅವನು ಊರಿನ ಹೆಸರು ಹೇಳಿದ, ಮನೆಯ ಹೆಸರು ಹೇಳಿದ. ನನ್ನ ಬಾಯಿ ಅಲ್ಲಿಗಾದರೂ ನಿಲ್ಲಬಹುದಿತ್ತು. "ಹೌದಾ! ನಮ್ಮ ಯಜಮಾನರ ಅಜ್ಜಿ ಮನೆಯೂ ಅಲ್ಲೇ. ನಿಮ್ಮದು ಗದ್ದೆಯ ಆಚೆಯ ಮನೆಯಾ, ಈಚೆಯದ್ದಾ?" ಎಂದೆ. ಮೂರನೇ ಪ್ರಶ್ನೆಗೆ ಸಂಬಂಧ ಸಿಕ್ಕಿತು. ನನ್ನ ಗಂಡನ ಅಜ್ಜಿ ಮತ್ತು ಅವನ ಅಮ್ಮನ ಅಜ್ಜಿ ಅಕ್ಕತಂಗಿಯರ ಮಕ್ಕಳು. ಅವನು ಲೋಟ ಕೆಳಗಿಟ್ಟು ನಕ್ಕ. "ಅಬ್ಬ! ಹಾಗಾದರೆ ನೀವು ನನಗೆ ಅತ್ತೆ ಆಗಬೇಕು."

ಫೋನ್ ಮೇಜಿನ ಮೇಲೆ ಮಗುಚಿ ಮಲಗಿತ್ತು. ಅವನು ಅದನ್ನು ಯಾವಾಗ ಕೆಳಗಿಟ್ಟನೆಂದು ನನಗೆ ಗೊತ್ತಾಗಲಿಲ್ಲ.

ಮತ್ತೆ ಕಾಲು ಗಂಟೆ ಮೂಲ್ಕಿಯ ಮಾತಾಯಿತು. ಯಾರು ಇದ್ದಾರೆ, ಯಾರು ಹೋದರು, ಯಾವ ಮನೆ ಪಾಲಾಯಿತು. ದುಡ್ಡಿನ ಮಾತನ್ನು ಮತ್ತೆ ಎತ್ತುವುದು ಹೇಗೆಂದು ನಾನು ಒಳಗೊಳಗೇ ಹುಡುಕುತ್ತಿದ್ದೆ. ಗುಂಪಿನ ನಿಯಮಗಳಲ್ಲಿ ಇದಕ್ಕೆ ಏನೂ ಹೇಳಿರಲಿಲ್ಲ. ಅಷ್ಟರಲ್ಲಿ ಗಂಡ ಬಂದರು. ಗೆಳೆಯರಲ್ಲಿ ಯಾರಿಗೋ ಹುಷಾರಿರಲಿಲ್ಲವಂತೆ, ಬೇಗ ಎದ್ದರಂತೆ.

ಪರಿಚಯ ಹೇಳಿದ್ದೇ ತಡ, ಅವರ ಮುಖ ಅರಳಿತು. "ಓಹೋ, ಆ ಮನೆಯ ಹುಡುಗನಾ ನೀನು! ನಿನ್ನ ಅಜ್ಜನ ಹೆಗಲ ಮೇಲೆ ಕೂತು ನಾನು ಭೂತಕೋಲ ನೋಡಿದವ ಮಾರಾಯ." ಆಮೇಲೆ ಮೇಜು ನೋಡಿದರು. "ಇದೆಂತ, ಎಲ್ಲ ಹರಡಿದ್ದು?"

"ಅತ್ತೆಯ ಕಾಮಿಕ್ಸ್, ಮಾವ. ನಾನು ತಗೊಳ್ತಾ ಇದ್ದೇನೆ."

"ಎಷ್ಟು?" ಎಂದರು ಗಂಡ. ಈ ಸಲ ಅವನನ್ನು ಕೇಳಿದರು.

"ಹದಿನೆಂಟು ಸಾವಿರ."

"ಹದಿನೆಂಟು ಸಾವಿರವಾ? ಈ ರದ್ದಿಗೆ?" ಗಂಡ ನನ್ನ ಕಡೆ ತಿರುಗಿದರು. "ಎಂತ ಮಾರಾಯ್ತಿ, ನಮ್ಮ ಹುಡುಗನ ಹತ್ತಿರವೇ ವ್ಯಾಪಾರವಾ? ಮೂಲ್ಕಿಯಲ್ಲಿ ಗೊತ್ತಾದರೆ ನನ್ನ ಮರ್ಯಾದೆ ಎಂತ ಆಗಬೇಕು?"

"ಬೇಡ ಮಾವ, ಒಪ್ಪಿಕೊಂಡದ್ದು ಒಪ್ಪಿಕೊಂಡದ್ದೇ" ಎಂದ ಅವನು. ಗಟ್ಟಿಯಾಗಿಯೇ ಹೇಳಿದ.

"ನೀನು ಸುಮ್ಮನಿರು. ಐದು ಸಾವಿರ ಕೊಡು, ಸಾಕು."

"ಅಯ್ಯೋ ಬೇಡ ಮಾವ." ಈ ಸಲ ಸ್ವಲ್ಪ ಮೆಲ್ಲಗೆ.

"ಐದು ಎಂದೆ ಅಲ್ವಾ."

"ಬೇಡ ಮಾವ…" ಮೂರನೆಯದಕ್ಕೆ ಸ್ವರವೇ ಇರಲಿಲ್ಲ. ಕೈ ಆಗಲೇ ಫೋನಿನ ಮೇಲಿತ್ತು. ನನ್ನ ಕಡೆ ಒಮ್ಮೆ ನೋಡಿದ. ನಾನು "ಇಲ್ಲ, ಹದಿನೆಂಟು" ಎಂದರೆ ಆಗ ಅವನು ಕೊಡುತ್ತಿದ್ದ ಎಂದು ಈಗಲೂ ನಂಬಿದ್ದೇನೆ. ಬಾಯಿಪಾಠ ಮಾಡಿದ ವಾಕ್ಯ ಬೇರೆಯದಿತ್ತು, ಇದಕ್ಕೆ ನನ್ನಲ್ಲಿ ವಾಕ್ಯವಿರಲಿಲ್ಲ. ನಾನು ಖಾಲಿ ಲೋಟ ತೆಗೆದುಕೊಂಡು, "ಇನ್ನೂ ಸ್ವಲ್ಪ ಕೊಡಲಾ?" ಎಂದು ಕೇಳಿದೆ.

"ಮಾವ, ನಿಮ್ಮ ನಂಬರ್ ಹೇಳಿ" ಎಂದ ಅವನು.

ದುಡ್ಡು ಗಂಡನ ಫೋನಿಗೆ ಬಂತು. ಟಿಣ್ ಎಂದ ಸದ್ದು ಅಡುಗೆಮನೆಗೂ ಕೇಳಿತು. ಅವನು ಪುಸ್ತಕಗಳನ್ನು ತಾನೇ ತಂದಿದ್ದ ಡಬ್ಬಿಯಲ್ಲಿ ನಡುವೆ ನಡುವೆ ಬಿಳಿ ಕಾಗದ ಇಟ್ಟು ತುಂಬಿಸಿದ. ಅದೊಂದನ್ನು ಬಹಳ ಚೆನ್ನಾಗಿ ಮಾಡಿದ. ಲಿಫ್ಟಿನವರೆಗೆ ಹೋಗಿ ಕಳುಹಿಸಿ ಬಂದ ಗಂಡ ಸಂತೋಷದಿಂದ, "ಐದು ಸಾವಿರ ಬಂತಲ್ಲ, ಬೇಕಾದಾಗ ಕೇಳು" ಎಂದರು.

ಗೆಳತಿಯರಿಗೆ ಮಂಡಿನೋವು ಎಂದು ಬರೆದೆ. ಅವರು ಪಾಂಡಿಚೇರಿಯಿಂದ ಕಳುಹಿಸಿದ ಫೋಟೋದಲ್ಲಿ ಎಂಟು ಜನ ಒಂದೇ ಬಣ್ಣದ ಟೋಪಿ ಹಾಕಿದ್ದರು. ಕೊನೆಯವಳ ಕೈಯಲ್ಲಿ ಇನ್ನೊಂದು ಟೋಪಿ ಇತ್ತು, ನನಗೆಂದು ಕೊಂಡದ್ದು. ಅದನ್ನು ನೋಡಿದಷ್ಟು ಹೊತ್ತು ಕುಕ್ಕರಿನ ಸೀಟಿ ಎಣಿಸಲು ಮರೆತೆ, ಬೇಳೆ ತಳ ಹಿಡಿಯಿತು.

ಮೂರು ವಾರ ಕಳೆದು ಗುಂಪಿನಲ್ಲಿ ಫೋಟೋಗಳು ಬಂದವು. ನೀಲಿ ಗೀಟು ನೋಡಿದ ಕೂಡಲೇ ಗೊತ್ತಾಯಿತು. ಪ್ರತಿಯೊಂದಕ್ಕೂ ಬೇರೆ ಬೇರೆ ಬೆಲೆ. ಮೇಲೆ ಅವನ ಒಕ್ಕಣೆ: 'ಮಂಗಳೂರಿನ ಒಂದೇ ಮನೆಯ ಸಂಗ್ರಹ. ಗೀಟು ಹಾಕಿದವರು ಬಂದರಿನ ಹಳೆಯ ವ್ಯಾಪಾರಿ. ಬೆಲೆ ಫಿಕ್ಸೆಡ್, ದಯವಿಟ್ಟು ಚೌಕಾಸಿ ಬೇಡ.' ನಾನು ಹೇಳಿದ ಕಥೆಗೂ ಅವನು ಬೆಲೆ ಕಟ್ಟಿದ್ದ. ಒಟ್ಟು ಎಷ್ಟಾಗುತ್ತದೆಂದು ನಾನು ಕೂಡಿಸಲಿಲ್ಲ. ಹಡಗಿನ ಹನ್ನೊಂದು ಸಂಚಿಕೆಗಳ ಕೆಳಗೆ ಮಾತ್ರ ಒಂದು ಸಾಲು ಹೆಚ್ಚಿತ್ತು: 'ಏಳನೆಯದು ಈ ವಾರ ಕೈಗೆ ಬರುತ್ತದೆ. ಪೂರ್ತಿ ಸೆಟ್ ಬೇಕಾದವರು ಈಗಲೇ ಹೇಳಿ.'

ಆ ಸಾಲನ್ನು ಎರಡು ಸಲ ಓದಿದೆ. ಉತ್ತರ ಟೈಪ್ ಮಾಡಿ ಅಳಿಸಿದೆ. ಇನ್ನೊಬ್ಬರ ಮಾರಾಟದ ಕೆಳಗೆ ಬರೆಯಬಾರದೆಂಬುದು ನಿಯಮ. ನಿಯಮ ಪಾಲಿಸುವುದರಲ್ಲಿ ನಮ್ಮ ಶಾಲೆಯವರು ಯಾವಾಗಲೂ ಮುಂದು.

ಮರುದಿನ ಬೆಳಿಗ್ಗೆ ಫೋನ್ ಬಂತು, ಗಂಡನಿಗೆ. ಅವರು ನಗುನಗುತ್ತಾ ಮಾತಾಡಿ, ಫೋನನ್ನು ಎದೆಗೆ ಒತ್ತಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು. "ನಿನ್ನ ಹತ್ತಿರ ಇನ್ನೊಂದು ಉಂಟಂತೆ. ಹರಿದದ್ದೋ ಶಾಯಿಯದ್ದೋ ಎಂತದೋ. ಕೊಟ್ಟುಬಿಡು ಮಾರಾಯ್ತಿ, ಹುಡುಗ ಸಂಜೆ ಬರ್ತಾನಂತೆ."

"ನನ್ನ ನಂಬರಿಗೆ ಮಾಡಲು ಹೇಳಿ" ಎಂದೆ.

ಕೂಡಲೇ ಬಂತು. "ಅತ್ತೇ, ಹೇಗಿದ್ದೀರಿ? ಆ ಏಳನೆಯದ್ದು ಒಂದು ಬೇಕಿತ್ತಲ್ಲ."

"ನೀವು ಬೆಲೆ ಕೇಳಲಿಲ್ಲ" ಎಂದೆ.

"ಅಯ್ಯೋ ಅತ್ತೆ, ನಮ್ಮೊಳಗೆ ಎಂತದು! ಹೇಳಿ, ಎಷ್ಟು ಕೊಡಲಿ?"

"ಹದಿಮೂರು ಸಾವಿರ."

ಅವನು ಜೋರಾಗಿ ನಕ್ಕ. ನಾನು ಬೆಲೆ ಹೇಳಿ ಬಾಯಿ ಮುಚ್ಚಿಕೊಂಡಿದ್ದೆ. ನಗು ತಾನಾಗಿ ನಿಂತಿತು. "ಅತ್ತೆ, ಅದರ ಮೇಲೆ ಶಾಯಿ ಉಂಟು ಅಂತ ನೀವೇ ಹೇಳಿದ್ದು. ಶಾಯಿ ಬಿದ್ದದ್ದಕ್ಕೆ ಇನ್ನೂರು ರೂಪಾಯಿಯೂ ಯಾರೂ ಕೊಡುವುದಿಲ್ಲ."

"ಗೊತ್ತುಂಟು."

"ಎರಡು ಸಾವಿರ ಕೊಡ್ತೇನೆ. ನೀವು ಅಂತ."

"ನಿಮ್ಮ ಒಂದು ಸಲದ ಕೇಳುವಿಕೆ ಆಯಿತು. ಹದಿಮೂರು."

"ಹಾಗಾದರೆ ಮಾವನ ಹತ್ತಿರ ಮಾತಾಡ್ತೇನೆ."

"ಪುಸ್ತಕ ಮಾವನದ್ದಲ್ಲ" ಎಂದೆ. ಸ್ವರ ಎತ್ತಲಿಲ್ಲ. ಎತ್ತದೆ ಹೇಳಿದ್ದು ಹೆಚ್ಚು ಒರಟಾಗಿ ಕೇಳಿತೆಂದು ಕಾಣುತ್ತದೆ, ಅವನು ಫೋನ್ ಇಟ್ಟ.

ಅವನ ಸೆಟ್ಟಿಗೆ ಯಾರೋ ದೊಡ್ಡ ಗಿರಾಕಿ ಸಿಕ್ಕಿದ್ದಿರಬೇಕು. ಸಂಜೆಯ ತನಕ ನಾನು ಒಮ್ಮೊಮ್ಮೆ ಫೋನ್ ತೆರೆದು ನೋಡಿದೆ. ಹದಿನೆಂಟರಲ್ಲಿ ಬಾಕಿಯಾದ ಆ ಹದಿಮೂರನ್ನು ಅವನು ಕೊಟ್ಟಿದ್ದರೆ ನಾನು ಕೊಟ್ಟುಬಿಡುತ್ತಿದ್ದೆನೋ ಏನೋ. ಕೊಟ್ಟರೂ ಆ ಪ್ರವಾಸ ಮುಗಿದಿತ್ತು. ಪುಸ್ತಕವನ್ನು ಸೀರೆಗಳ ಕೆಳಗಿನಿಂದ ತೆಗೆದು ಓದಲು ಕೂತೆ. ಆರನೆಯದರಲ್ಲಿ ಏನಾಗಿತ್ತೆಂದು ಸರಿಯಾಗಿ ನೆನಪಿರಲಿಲ್ಲ. ಮೊದಲ ಪುಟದಲ್ಲೇ ಹಡಗು ಬಿರುಗಾಳಿಯ ನಡುವೆ ಇತ್ತು. ಕೊನೆಯ ಪುಟದಲ್ಲಿಯೂ ಬಿರುಗಾಳಿ ನಿಂತಿರಲಿಲ್ಲ. ಯಾರು ಬದುಕಿದರೆಂದು ತಿಳಿಯಲು ಎಂಟನೆಯದು ಬೇಕು. ಎಂಟನೆಯದು ಪಂಪ್‌ವೆಲ್‌ನಲ್ಲಿತ್ತು.

ಏಳು ಗಂಟೆಗೆ ಅವನ ಸಂದೇಶ ಬಂತು. ಎರಡೇ ಪದ. 'ಓಕೆ ಮೇಡಂ.'

ಗುಂಪಿನಲ್ಲಿ ಅವನ ಆ ಹೆಚ್ಚಿನ ಸಾಲು ಅಳಿಸಿಹೋಗಿತ್ತು. ಅದರ ಬದಲು 'ಏಳನೆಯದು ಇಲ್ಲ' ಎಂದಿತ್ತು.

ಊಟಕ್ಕೆ ಕೂತಾಗ ಗಂಡ ಸಾರು ಕಲಸಿಕೊಳ್ಳುತ್ತಿದ್ದರು. ಮೂಲ್ಕಿಗೆ ಸುದ್ದಿ ಮುಟ್ಟಿತ್ತು ಎಂದು ಅವರ ಬೆರಳು ನೋಡಿಯೇ ತಿಳಿಯಿತು. ಬೇಸರವಾದಾಗ ಅವರು ಅನ್ನವನ್ನು ತಟ್ಟೆಯ ಅಂಚಿಗೆ ದೂಡುತ್ತಾರೆ.

"ಎಷ್ಟು ಹೇಳಿದೆ ನೀನು?"

"ಹದಿಮೂರು ಸಾವಿರ."

"ಎಂತಕ್ಕೆ?"

ಅವರ ತಟ್ಟೆಗೆ ಪಲ್ಯ ಬಡಿಸಿದೆ. ಮಜ್ಜಿಗೆ ತರಲು ಎದ್ದು ಒಳಗೆ ಹೋದೆ. ತಂದಿಟ್ಟ ಮೇಲೂ ಅವರು ನನ್ನ ಮುಖ ನೋಡುತ್ತಾ ಕಾಯುತ್ತಿದ್ದರು. ನಾನು ನನ್ನ ತಟ್ಟೆಗೆ ಅನ್ನ ಹಾಕಿಕೊಂಡು ಊಟಕ್ಕೆ ಕೂತೆ.